ಕೊಸರಿಲ್ಲದ ಅಳತೆ

ಹಾಲ್ಕುರಿಕೆ,
ತಿಪಟೂರು ತಾಲ್ಲೂಕು.
ಭಾನುವಾರ, ೬-೩-೧೯೮೩

ಮಗಳಂಥ ಸೊಸೆ ವಿಮಲಳಿಗೆ, ನಿನ್ನ ಮಾವನ ತುಂಬು ಮನಸ್ಸಿನ ಆಶೀರ್ವಾದ.

ನಿನ್ನ ಆರೋಗ್ಯ ಹೇಗಿದೆ? ಹೋದ ಕಾಗದದಲ್ಲಿ ತಲೆನೋವು ಎಂದು ಬರೆದಿದ್ದೆ. ನಿದ್ದೆಗೆಟ್ಟು ಓದಬೇಡ, ಬೆಳಗಿನ ಹೊತ್ತು ಓದಿದ್ದೇ ತಲೆಯಲ್ಲಿ ನಿಲ್ಲುತ್ತದೆ. ಎಂಟನೇ ಕ್ಲಾಸಿಗೆ ಓದು ಬಿಟ್ಟ ನಾನು ಟೀಚರ್ ಟ್ರೈನಿಂಗ್ ಮಾಡುತ್ತಿರುವ ನಿನಗೆ ಇದನ್ನು ಹೇಳುವುದು ನಗೆಪಾಟಲು, ಆದರೂ ಹೇಳುತ್ತೇನೆ. ಹಾಸ್ಟೆಲಿನ ಸಾರು ಈಗಲೂ ನೀರುನೀರಾಗಿಯೇ ಇದೆಯೇ? ನಾವು ಕಳಿಸಿದ ಕೊಬ್ಬರಿ ಚಟ್ನಿಪುಡಿ ನಿನ್ನ ಬಾಯಿಗೆ ಬಿತ್ತೋ ಅಥವಾ ನಿನ್ನ ರೂಮಿನ ಹುಡುಗಿಯರೇ ಪೂರೈಸಿದರೋ? ಮೈಸೂರಿನಲ್ಲಿ ಬಿಸಿಲು ಹೇಗೋ, ಇಲ್ಲಂತೂ ಶಿವರಾತ್ರಿ ಕಳೆದದ್ದೇ ತಡ, ಹತ್ತು ಗಂಟೆಗೆ ಅಂಗಳದಲ್ಲಿ ಕಾಲಿಡುವಂತಿಲ್ಲ. ನಾವೆಲ್ಲರೂ ಚೆನ್ನಾಗಿದ್ದೇವೆ. ಮಗುವೂ ಚೆನ್ನಾಗಿದ್ದಾಳೆ. ಈ ಕೊನೆಯ ಮಾತನ್ನು ಇನ್ನೊಂದು ಸಲ ಓದಿಕೊಂಡು ಮುಂದಕ್ಕೆ ಹೋಗು. ಯಾಕೆಂದರೆ ಔಷಧಿಯ ವಿಷಯದಲ್ಲಿ ಸಾಸಿವೆಯಷ್ಟು ಎಡವಟ್ಟಾದರೂ ಪರೀಕ್ಷೆ ಬಿಟ್ಟು ಊರಿಗೆ ಬಂದುಬಿಡುತ್ತೇನೆ ಎಂದು ನೀನು ಬರೆದಿದ್ದೆ. ಎಡವಟ್ಟು ಆಗಿದೆ. ಮಾಡಿದವನು ನಾನೇ. ಈಗ ಸರಿಹೋಗಿದೆ. ಆದ್ದರಿಂದ ಟ್ರಂಕು ಎಳೆಯುವ ಮೊದಲು ಈ ಕಾಗದವನ್ನು ಕೊನೆಯವರೆಗೆ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಹೋದ ವರ್ಷದ ಕಾಯಿಯನ್ನು ಅಟ್ಟದಿಂದ ಇಳಿಸುವ ಕೆಲಸ ಮೊನ್ನೆ ಶುರುವಾಯಿತು. ನಮ್ಮ ಆಳು ಕರಿಯಪ್ಪ ಮೇಲೆ ಕೂತು ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಗಡಗಡ ಎಂದರೆ ಮಾತ್ರ ಕೆಳಗೆ ಬಿಡುತ್ತಾನೆ. ಹೋದ ವರ್ಷ ಇದೇ ಕೆಲಸದ ಹೊತ್ತಿಗೆ ನಮ್ಮ ದ್ರಾಕ್ಷಾಯಣಿ ಒರಳುಕಲ್ಲಿನ ಮೇಲೆ ಕೂತು ಕಾಯಿ ಎಣಿಸುತ್ತಿದ್ದದ್ದು ನಿನಗೆ ನೆನಪಿರಬೇಕು. ‘ನಲವತ್ತಾರು’ ಎಂದವಳು ಬಾಯಿ ಅರ್ಧ ತೆರೆದು ಹಾಗೇ ಕೂತಳು. ರೆಪ್ಪೆ ಎರಡೂ ಪಟಪಟ ಎಂದವು. ಆಮೇಲೆ ಏನೂ ಆಗದವಳಂತೆ ‘ನಲವತ್ತೇಳು’ ಎಂದಳು. ಅಷ್ಟರಲ್ಲಿ ಕರಿಯಪ್ಪ ಎಂಟು ಕಾಯಿ ಇಳಿಸಿಯಾಗಿತ್ತು. ನಾವು ನಕ್ಕೆವು. ನಮ್ಮ ಮಗು ಎಂಟು ಕಾಯಿಯಷ್ಟು ಹೊತ್ತು ಶಿವಧ್ಯಾನಕ್ಕೆ ಹೋಗಿತ್ತು ಎಂದು ನಾನೇ ಊರೆಲ್ಲ ಹೇಳಿಕೊಂಡು ತಿರುಗಿದೆ. ಶಾಲೆಯಲ್ಲಿ ಮೇಷ್ಟ್ರು ಪಾಠದ ಮೇಲೆ ಗಮನವಿಲ್ಲವೆಂದು ಬೆಂಚಿನ ಮೇಲೆ ನಿಲ್ಲಿಸಿದರು. ದಸರಾ ರಜೆಗೆ ಬಂದ ನೀನು ಒಬ್ಬಳೇ ಒಂದು ದಿನ ಪೂರ್ತಿ ಅವಳ ಪಕ್ಕದಲ್ಲಿ ಕೂತು, ಹೀಗೆ ಇಪ್ಪತ್ಮೂರು ಸಲ ಆಯಿತು, ಇದು ಧ್ಯಾನವೂ ಅಲ್ಲ ಸೋಮಾರಿತನವೂ ಅಲ್ಲ ಎಂದದ್ದು. ಬೆಂಗಳೂರಿನ ಆಸ್ಪತ್ರೆಯಲ್ಲಿ ಅವಳ ಕೈಗೆ ಕಾಗದದ ಗಿರಗಟ್ಟೆ ಕೊಟ್ಟು ಊದು ಊದು ಎಂದರು. ಊದುತ್ತಾ ಊದುತ್ತಾ ಎಲ್ಲರೆದುರಿಗೆ ಅವಳು ನಿಂತುಹೋದಳು. ಬೀಳದಿದ್ದರೂ, ಕೈಕಾಲು ಸೆಟೆಯದಿದ್ದರೂ ಇದು ಫಿಟ್ಸಿನದೇ ಒಂದು ಬಗೆ, ಔಷಧಿಯಿಂದ ಹತೋಟಿಗೆ ಬರುತ್ತದೆ ಎಂದು ಆ ಡಾಕ್ಟರು ಹೇಳಿದಾಗ ಊದುವ ಮಗುವನ್ನು ನೋಡಲಾರದೆ ನಾನು ಗೋಡೆ ನೋಡುತ್ತಿದ್ದೆ. ಗೊತ್ತಿರುವುದನ್ನೇ ಮತ್ತೆ ಬರೆಯುವುದು ವಯಸ್ಸಾದವರ ಚಾಳಿ, ಬೇಸರಪಡಬೇಡ.

ಈಗ ನನ್ನ ಪ್ರತಾಪಕ್ಕೆ ಬರುತ್ತೇನೆ. ಆ ಡಾಕ್ಟರು ಬರೆದುಕೊಟ್ಟ ಸಿರಪ್ಪನ್ನು ಜನವರಿಯಿಂದ ಕೊಡುತ್ತಿದ್ದವಳು ನಿನ್ನ ಅತ್ತೆ. ಅವಳ ಕೈ ನಿನಗೆ ಗೊತ್ತು, ಉಪ್ಪನ್ನೂ ಎಣಿಸಿ ಹಾಕುವ ಕೈ. ಮೊದಲು ದಿನಕ್ಕೆ ಒಂದು ಅಳತೆ, ಆಮೇಲೆ ಬೆಳಿಗ್ಗೆ ಸಂಜೆ ಒಂದೊಂದು, ಊಟತಿಂಡಿ ಆದಮೇಲೆ, ಸೀಸೆ ಅಲ್ಲಾಡಿಸಿ, ಮುಚ್ಚಳದ ಗೆರೆಯವರೆಗೆ. ನೀನು ಬರೆದು ದೇವರಮನೆಯ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಇದ್ದದ್ದು ಇದ್ದ ಹಾಗೆ ನಡೆಯುತ್ತಿತ್ತು. ಮಗು ನಿಂತುಹೋಗುವುದು ದಿನಕ್ಕೆ ಒಂದೋ ಎರಡೋ ಸಲಕ್ಕೆ ಇಳಿದು, ಫೆಬ್ರವರಿಯ ಹೊತ್ತಿಗೆ ಕಾಣದೇ ಹೋಯಿತು. ಆಗ ಹಂದನಕೆರೆಯಿಂದ ನಿನ್ನ ಅತ್ತೆಯ ತಂಗಿಯ ಮಗಳಿಗೆ ಹೆರಿಗೆಯಾಯಿತೆಂದು ಸುದ್ದಿ ಬಂತು. ಬಾಣಂತನಕ್ಕೆ ಹೊರಟು ನಿಂತವಳು ಸೀಸೆಯನ್ನು ನನ್ನ ಕೈಗೆ ಕೊಟ್ಟು, ‘ಗೆರೆ ನೋಡ್ಕಂಡು ಕೊಡ್ರೀ’ ಎಂದು ಮೂರು ಸಲ ಹೇಳಿ ಬಸ್ಸು ಹತ್ತಿದಳು. ನಾನು ಗೆರೆಯನ್ನು ನೋಡಿದೆ. ಅದರಲ್ಲಿ ಏನೂ ತಪ್ಪಿಲ್ಲ. ಗೆರೆಯವರೆಗೆ ತುಂಬಿ ಕುಡಿಸಿದ ಮೇಲೆ ಏನು ಮಾಡಿದೆ ಎಂಬುದರಲ್ಲಿ ತಪ್ಪಿತ್ತು.

ವಿಮಲಾ, ನೀನು ಈ ಮನೆಗೆ ಬಂದು ಒಂಬತ್ತು ವರ್ಷವಾಯಿತು. ಈ ಮನೆಯಿಂದ ಬರಿ ಅಳತೆ ಆಚೆ ಹೋದದ್ದನ್ನು ಎಂದಾದರೂ ಕಂಡಿದ್ದೀಯಾ? ನಮ್ಮಪ್ಪನ ಕಾಲದಿಂದ ನೂರು ಕಾಯಿಗೆ ಮೇಲೆ ನಾಲ್ಕು ಕೊಸರು. ಆಳಿಗೆ ರಾಗಿ ಅಳೆದರೆ ಕೊನೆಗೆ ಒಂದು ಬೊಗಸೆ ಕೊಸರು. ಪಕ್ಕದ ಮನೆಯವರು ಮಜ್ಜಿಗೆಗೆ ಬಂದರೂ ಚೆಂಬು ತುಂಬಿದ ಮೇಲೆ ಒಂದು ಸೌಟು ಕೊಸರು. ಸರಿಯಾಗಿ ಅಳೆದು ಅಲ್ಲಿಗೇ ಕೈ ನಿಲ್ಲಿಸುವವನನ್ನು ನಮ್ಮಪ್ಪ ಮನುಷ್ಯರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. ಊರಿನವರಿಗೆಲ್ಲ ಕೊಸರು ಕೊಟ್ಟ ಕೈ ಸ್ವಂತ ಮೊಮ್ಮಗಳಿಗೆ ಗೆರೆಗೆ ಸರಿಯಾಗಿ ಅಳೆದು ಕೊಟ್ಟು ಸುಮ್ಮನಿರುತ್ತದೆಯೇ? ರಾಗಿ ಅಳೆಯುವಾಗ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಕೆ ಶುರುಮಾಡುವ ಹಾಗೆ, ಮೊದಲನೆಯ ಮುಚ್ಚಳಕ್ಕೆ ‘ಲಾಭ’ ಎಂದು ಹೇಳಿ ಕುಡಿಸುವುದು, ಆಮೇಲೆ ಇನ್ನೊಂದು ಅರ್ಧ ಮುಚ್ಚಳ ಕೊಸರು ಹಾಕುವುದು. ಯೋಚಿಸಿ ಮಾಡಿದ್ದಲ್ಲ ಮಗಳೇ. ರಾಗಿ ಕೊಳಗಕ್ಕೆ ಹೇಗೋ ಸಿರಪ್ಪಿನ ಮುಚ್ಚಳಕ್ಕೂ ಕೈ ತಾನೇ ಬಾಗಿತು. ಮಗುವೂ ಅಂಗಳದಲ್ಲಿ ಬೆಳೆದ ಮಗುವೇ ತಾನೆ, ಮೊದಲನೆಯದು ಕುಡಿದು ‘ಕೊಸರು ತಾತ’ ಎಂದು ಬಾಯಿ ತೆರೆಯುತ್ತಿದ್ದಳು. ಸಿಹಿಯಾಗಿತ್ತಲ್ಲ, ಅವಳಿಗೇನು.

ಮೂರ್ನಾಲ್ಕು ದಿನಕ್ಕೆ ಅವಳಿಗೆ ಬಿಕ್ಕಳಿಕೆ ಶುರುವಾಯಿತು. ತಿಂಡಿ ಆದಮೇಲೆ ಬಿಕ್ಕಳಿಸುತ್ತಾ ಶಾಲೆಗೆ ಹೋಗುವುದು, ಬಿಕ್ಕಳಿಸುತ್ತಾ ವಾಪಸು ಬರುವುದು. ಬಿಕ್ಕಿದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದು ಹೇಳಿಕೊಟ್ಟವನು ನಾನೇ. ನೆನೆಸಿಕೊಳ್ಳುವುದಕ್ಕೆ ಅವಳಿಗೆ ಇನ್ಯಾರಿದ್ದಾರೆ, ನೀನೇ. ‘ಅಮ್ಮ ಇವತ್ತು ಭಾಳ ನೆನೆಸ್ಕೊತಾವ್ಳೆ ಕಣ್ ತಾತ’ ಎಂದು ಬಿಕ್ಕುತ್ತಲೇ ನಗುತ್ತಿದ್ದಳು. ನೀರು ಕುಡಿ ಎಂದರೆ ಕುಡಿಯುತ್ತಿರಲಿಲ್ಲ. ಕುಡಿದರೆ ನಿಂತುಹೋಗುತ್ತದಲ್ಲ, ಅದಕ್ಕೆ. ಪರೀಕ್ಷೆ ಹತ್ತಿರ ಬಂದಿರುವಾಗ ಪುಸ್ತಕ ಮುಚ್ಚಿಟ್ಟು ಮಗಳನ್ನೇ ನೆನೆಸಿಕೊಂಡು ಕೂತಿದ್ದೀಯಲ್ಲ ಎಂದು ನಿನ್ನ ಮೇಲೆ ನಾನು ಹುಸಿಮುನಿಸು ಮಾಡಿಕೊಂಡದ್ದೂ ಉಂಟು. ಆಮೇಲೆ ಅವಳು ಊಟ ಬೇಡ ಎನ್ನತೊಡಗಿದಳು. ಹೊಟ್ಟೆ ತೊಳಸುತ್ತದೆ ಎಂದಳು. ಒಂದು ದಿನ ಉಪ್ಪಿಟ್ಟು ತಿಂದದ್ದನ್ನು ತಿಂದ ಹಾಗೇ ಕಕ್ಕಿದಳು. ಮಧ್ಯಾಹ್ನ ಶಾಲೆಯಿಂದ ಬಂದವಳು ಚೀಲ ತೆಗೆಯದೆ ಜಗಲಿಯಲ್ಲಿ ಮಲಗಿಬಿಡುವಳು. ಹತ್ತು ದಿನ ಬರಬೇಕಾದ ಸೀಸೆ ಏಳೇ ದಿನಕ್ಕೆ ಖಾಲಿಯಾದಾಗಲೂ ನನಗೆ ಹೊಳೆಯಲಿಲ್ಲ. ಸೀಸೆ ತುಂಬುವವನು ಜಿಪುಣ ಎಂದುಕೊಂಡೆ.

ಕಕ್ಕಿದ ದಿನ ಸದಾಶಿವಯ್ಯ ಬಂದಿದ್ದ. ಅವನು ನಮ್ಮ ತೋಟದ ಪಕ್ಕದವನು, ಯಾವ ಕಾಯಿಲೆಗೂ ಮದ್ದು ಹೇಳದೆ ಎದ್ದುಹೋದವನಲ್ಲ. ‘ನಿಲ್ಸಿಬುಡು ಮರುಳಸಿದ್ದಯ್ಯ. ಕಣ್ ಪಿಳುಕ್ಸೋದು ನಿಂತೋಯ್ತಲ್ಲ, ಇನ್ಯಾಕೆ ಆ ಇಂಗ್ಲಿಷ್ ಔಷ್ಧಿ? ಕೂಸಿನ ಹೊಟ್ಟೆ ಸುಡ್ತೈತೆ’ ಎಂದ. ಸತ್ಯ ಹೇಳುತ್ತೇನೆ, ನನಗೂ ಅದೇ ಸರಿ ಎನ್ನಿಸಿತು. ಮಗು ಜಗಲಿಯಲ್ಲಿ ಬಾಡಿ ಮಲಗಿರುವಾಗ ಯಾರು ನಿಲ್ಲಿಸು ಎಂದರೂ ಅವರು ದೇವರಂತೆ ಕಾಣುತ್ತಾರೆ. ಸೀಸೆಯನ್ನು ತೆಗೆದುಕೊಂಡು ಮೇಲಿನ ಗೂಡಿಗೆ ಇಡುವುದಕ್ಕೆ ಹೋದೆ. ದೇವರಮನೆಯ ಬಾಗಿಲು ದಾಟುವಾಗ ದ್ರಾಕ್ಷಾಯಣಿ ಎದ್ದು ಬಂದು ನನ್ನ ಪಂಚೆ ಹಿಡಿದು ನಿಲ್ಲಿಸಿದಳು. ನಿನ್ನ ಹಾಳೆಯ ಕೆಳಗೆ ನಿಂತು ಬೆರಳಿಟ್ಟು ಓದಿದಳು. ‘ಎಷ್ಟೇ ವಾಸಿಯಾಗಿ ಕಂಡರೂ, ಏನೇ ತೊಂದರೆಯಾದರೂ, ಡಾಕ್ಟರನ್ನು ಕೇಳದೆ ಒಂದು ದಿನವೂ ಔಷಧಿ ನಿಲ್ಲಿಸಬಾರದು. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಬರಬಹುದು.’ ಎರಡು ಸಾಲನ್ನೂ ಒಂದೇ ಉಸಿರಿಗೆ ಓದಿದಳು ವಿಮಲಾ. ಹೋದ ವರ್ಷ ಒಂದು ಸಾಲು ಮುಗಿಸುವಷ್ಟರಲ್ಲಿ ಎರಡು ಸಲ ನಿಂತುಹೋಗುತ್ತಿದ್ದ ಮಗು. ಆ ಓದು ಕೇಳಿಸಿಕೊಂಡವನು ಆ ಓದನ್ನು ತಂದುಕೊಟ್ಟ ಔಷಧಿಯನ್ನು ಗೂಡಿಗೆ ಹಾಕುವುದು ಹೇಗೆ? ಸೀಸೆ ಅದರ ಜಾಗಕ್ಕೇ ಹೋಯಿತು. ಸದಾಶಿವಯ್ಯ ಮಾತ್ರ ಬೇಜಾರು ಮಾಡಿಕೊಂಡು, ಕಾಫಿ ಕುಡಿದೇ ಹೋದ.

ಮಾರನೆಯ ದಿನ ಶುಕ್ರವಾರ ಬೆಳಿಗ್ಗೆ ಮೊದಲನೇ ಬಸ್ಸಿಗೆ ತಿಪಟೂರಿಗೆ ಹೋದೆವು, ನಾನು, ನಿನ್ನ ಗಂಡ ಬಸವರಾಜು, ಮಗು. ಬೆಂಗಳೂರಿನವರು ಕಾಗದ ಬರೆದುಕೊಟ್ಟಿದ್ದರಲ್ಲ, ಆ ಡಾಕ್ಟರಮ್ಮನ ಹತ್ತಿರಕ್ಕೆ. ಅವರು ಕಾಗದ ಓದಿದರು, ಮಗುವಿನ ಕಣ್ಣು ನಾಲಿಗೆ ನೋಡಿದರು, ಮೈಮೇಲೆ ಗಂದೆ ಎದ್ದಿದೆಯಾ, ಜ್ವರ ಗಂಟಲುನೋವು ಬಂದಿತ್ತಾ ಎಂದು ಕೇಳಿದರು. ಇಲ್ಲ ಎಂದೆ. ಔಷಧಿ ಸರಿಯಾಗಿ ಅಳೆಯುತ್ತೀರಾ ಎಂದರು. ಅಳತೆಯ ವಿಷಯದಲ್ಲಿ ನನ್ನನ್ನು ಕೇಳುವುದೇ ಎಂದು ನನಗೆ ಸ್ವಲ್ಪ ರೇಗಿತು. ನಾಲ್ಕು ತಲೆಮಾರಿನಿಂದ ಅಳೆಯುತ್ತಿರುವವರು ಕಣಮ್ಮ ನಾವು ಎಂದೆ. ಅವರು ನಗುತ್ತಾ ಒಂದು ಸೀಸೆಯಲ್ಲಿ ನೀರು ತುಂಬಿ ಮುಚ್ಚಳದ ಸಮೇತ ನನ್ನ ಮುಂದಿಟ್ಟು, ಹೇಗೆ ಕೊಡುತ್ತೀರೋ ಹಾಗೇ ಮಾಡಿ ತೋರಿಸಿ ಎಂದರು. ನಾನು ಶಲ್ಯ ಸರಿಮಾಡಿಕೊಂಡು, ಸೀಸೆ ಅಲ್ಲಾಡಿಸಿ, ಗೆರೆಗೆ ಸರಿಯಾಗಿ ಬಗ್ಗಿಸಿ ‘ಲಾಭ’ ಎಂದೆ. ಅವರು ಭೇಷ್ ಎನ್ನುವವರಂತೆ ತಲೆಯಾಡಿಸಿದರು. ಆಮೇಲೆ ನನ್ನ ಕೈ ಇನ್ನೊಂದು ಸಲ ಬಾಗಿತು. ‘ಇದೇನು ಯಜಮಾನ್ರೆ?’ ಎಂದರು. ನಾನು ಬಾಯಿ ತೆರೆಯುವ ಮೊದಲೇ ಮಗು ‘ಕೊಸರು’ ಎಂದಳು.

ಡಾಕ್ಟರಮ್ಮ ಮುಚ್ಚಳವನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಜಿನ ಮೇಲೆ ಬೋರಲು ಹಾಕಿದರು. ನಗು ತಡೆದುಕೊಳ್ಳುತ್ತಿದ್ದರೋ ಸಿಟ್ಟು ತಡೆದುಕೊಳ್ಳುತ್ತಿದ್ದರೋ ಗೊತ್ತಾಗಲಿಲ್ಲ. ‘ಯಜಮಾನ್ರೆ, ಇದಕ್ಕೆ ಕೊಸರಿಲ್ಲ. ಜಾಸ್ತಿ ಕೊಟ್ರೆ ಜಾಸ್ತಿ ವಾಸಿ ಆಗಲ್ಲ. ಬಿಕ್ಕಳಿಕೆ, ವಾಂತಿ, ನಿದ್ದೆ, ಎಲ್ಲಾ ನಿಮ್ಮ ಕೊಸರಿನದೇ ಇರಬೇಕು’ ಎಂದರು. ಅಲ್ಲೇ ಭೂಮಿ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಹಾಗಾದರೆ ಎರಡು ದಿನ ನಿಲ್ಲಿಸಿ ಹೊಟ್ಟೆಗೆ ಬಿಡುವು ಕೊಡಲೇ ಎಂದು ಕೇಳಿದೆ. ಕೂಡದು ಎಂದರು. ಆವತ್ತು ಸಂಜೆಯಿಂದಲೇ ಗೆರೆಗೆ ಸರಿಯಾಗಿ ಒಂದು ಅಳತೆ, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಕೊಡುವಂತಿಲ್ಲ. ಬೇರೆ ಯಾವ ಔಷಧಿ ಕೊಡಬೇಕಾದರೂ, ನೆಗಡಿ ಮಾತ್ರೆಯಾದರೂ, ಮೊದಲು ಅವರನ್ನು ಕೇಳಬೇಕು. ರಕ್ತ ತೆಗೆದು ಪರೀಕ್ಷೆ ಮಾಡಿದರು, ಸಂಜೆ ಬಸವರಾಜು ಹೋಗಿ ರಿಪೋರ್ಟು ತಂದ, ಎಲ್ಲ ಸರಿಯಾಗಿದೆ. ಬಿಕ್ಕಳಿಕೆ ಮತ್ತೆ ಬಂದರೆ ದಿನ, ಗಂಟೆ ಬರೆದಿಟ್ಟುಕೊಂಡು ಮುಂದಿನ ಸಲ ತೋರಿಸಿ ಎಂದಿದ್ದಾರೆ. ಕ್ಯಾಲೆಂಡರಿನ ಪಕ್ಕ ಪೆನ್ಸಿಲು ಕಟ್ಟಿದ್ದೇನೆ. ಬಾವಿಯ ಹತ್ತಿರಕ್ಕೆ, ಅಟ್ಟದ ಏಣಿಗೆ ಅವಳನ್ನು ಒಬ್ಬಳನ್ನೇ ಬಿಡಬೇಡಿ ಎಂದು ಮತ್ತೊಂದು ಸಲ ಹೇಳಿ ಕಳಿಸಿದರು. ಅದಕ್ಕಾಗಿ ಮಗು ನನ್ನ ಮೇಲೆ ಮುನಿಸಿಕೊಂಡಿದ್ದಾಳೆ, ಡಾಕ್ಟರಮ್ಮನ ಮೇಲೆ ಅಲ್ಲ.

ಬಸ್ಸಿನಲ್ಲಿ ಬರುವಾಗ ಮಗು ಕಿಟಕಿಯ ಪಕ್ಕ ಕೂತು ಹೊರಗಿನ ತೆಂಗಿನಮರ ಎಣಿಸುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗದೆಯೇ, ‘ಹಂಗಾದ್ರೆ ಅಮ್ಮ ನೆನೆಸ್ಕೊಂಡಿದ್ದಲ್ವಾ ತಾತ?’ ಎಂದಳು. ಇಡೀ ದಿನ ಡಾಕ್ಟರಮ್ಮ ಅಂದದ್ದಕ್ಕಿಂತ ಆ ಮಾತು ನನಗೆ ಹೆಚ್ಚು ತಾಗಿತು. ಕಡಲೆಕಾಯಿ ಪೊಟ್ಟಣ ಬಿಚ್ಚಿ ಅವಳ ಮಡಿಲಲ್ಲಿಟ್ಟೆ. ಈ ಪ್ರಶ್ನೆಗೆ ಇನ್ನೂ ನಾನು ಉತ್ತರ ಕೊಟ್ಟಿಲ್ಲ.

ಆವತ್ತೇ ಸಂಜೆ ನಿನ್ನ ಅತ್ತೆ ಹಂದನಕೆರೆಯಿಂದ ಬಂದಿಳಿದಳು. ಮಗುವೇ ಎಲ್ಲವನ್ನೂ ವರದಿ ಒಪ್ಪಿಸಿದಳು, ನನ್ನ ‘ಲಾಭ’ದ ಸಮೇತ. ನಿನ್ನ ಅತ್ತೆ ಅರ್ಧ ಗಂಟೆ ನನ್ನನ್ನು ಏನೇನೆಂದಳೋ ಅದನ್ನು ಬರೆದರೆ ಅಂಚೆಯವರು ಕಾಗದ ತೆಗೆದುಕೊಳ್ಳುವುದಿಲ್ಲ. ಕೊನೆಗೆ, ‘ಅಷ್ಟೊಂದು ಕೈ ತುರಿಸಿದ್ರೆ ಬೆಲ್ಲ ಕೊಡ್ರೀ ಕೊಸರಿಗೆ’ ಎಂದು ತೀರ್ಪು ಕೊಟ್ಟಳು. ಈಗ ನಡೆಯುತ್ತಿರುವ ಏರ್ಪಾಡು ಅದೇ. ಔಷಧಿ ಅವಳ ಕೈಯಿಂದ, ಮುಚ್ಚಳವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಗೆರೆ ನೋಡುವವಳು ದ್ರಾಕ್ಷಾಯಣಿ, ಆಮೇಲೆ ಒಂದು ಚೂರು ಬೆಲ್ಲ, ಒಂದು ಚೂರು ಕೊಬ್ಬರಿ ಕೊಡುವವನು ನಾನು. ನನ್ನ ಕೆಲಸಕ್ಕೆ ಸೀಸೆ ಮುಟ್ಟುವ ಅಗತ್ಯವಿಲ್ಲ. ನಿನ್ನೆಯಿಂದ ವಾಂತಿಯಿಲ್ಲ, ಬಿಕ್ಕಳಿಕೆಯಿಲ್ಲ. ಇವತ್ತು ಬೆಳಿಗ್ಗೆ ಮೂರು ಇಡ್ಲಿ ತಿಂದು ನಾಲ್ಕನೆಯದಕ್ಕೆ ತಟ್ಟೆ ಒಡ್ಡಿದಳು. ಆಮೇಲೆ ಒರಳುಕಲ್ಲಿನ ಮೇಲೆ ಕೂತು ಕರಿಯಪ್ಪ ಇಳಿಸಿದ ಕಾಯನ್ನು ಇನ್ನೂರರವರೆಗೆ ಎಣಿಸಿದಳು. ನಾನು ಒಳಗೆ ಕೂತು ಬೇರೆ ಎಣಿಸುತ್ತಿದ್ದೆ, ಅವಳಿಗೆ ಗೊತ್ತಿಲ್ಲ. ಇಬ್ಬರದೂ ಒಂದೇ ಬಂತು. ಕರಿಯಪ್ಪ ‘ಈ ಸಲ ಧ್ಯಾನ ಇಲ್ವೇನವ್ವಾ?’ ಎಂದು ಅಟ್ಟದಿಂದ ಕೂಗಿದ. ‘ಸುಮ್ಕೆ ಕಾಯಿ ಬುಡು’ ಎಂದಳು.

ಇದನ್ನೆಲ್ಲ ನಿನಗೆ ಬರೆಯುವುದು ಬೇಡ, ‘ಪರೀಕ್ಷೆ ಮುಗೀಲಿ ಬುಡಿ ಅಪ್ಪಾಜಿ, ಆಮೇಲ್ ಹೇಳುದ್ರಾಯ್ತು’ ಎಂದು ಬಸವರಾಜು ಎರಡು ದಿನದಿಂದ ನನ್ನ ಹಿಂದೆ ಬಿದ್ದಿದ್ದಾನೆ. ಅವನಿಗೆ ನಿನ್ನ ಪರೀಕ್ಷೆಯ ಚಿಂತೆ. ನನಗೂ ಇದೆ. ಎಂಟು ವರ್ಷ ಬೇಸಾಯ, ಬಸಿರು, ಬಾಣಂತನ ಎಂದು ಓದು ಮೂಲೆಗಿಟ್ಟಿದ್ದ ನಿನ್ನ ಅರ್ಜಿಯನ್ನು ತಾಲ್ಲೂಕು ಕಚೇರಿಯವರೆಗೂ ಹೊತ್ತು ತಿರುಗಿದವನು ನಾನು. ಇನ್ನೊಂದು ತಿಂಗಳಿದೆ, ಯುಗಾದಿಯ ಹೊತ್ತಿಗೆ ಪರೀಕ್ಷೆ ಮುಗಿಯುತ್ತದೆ. ಆದರೆ ಮಗುವನ್ನು ನಮ್ಮ ಕೈಯಲ್ಲಿ ಬಿಟ್ಟು ಹೋಗುವಾಗ ನೀನು ನನ್ನ ಕಣ್ಣನ್ನೇ ನೋಡಿ, ಏನಿದ್ದರೂ ಇದ್ದ ಹಾಗೆ ಬರೆಯಿರಿ ಮಾವ ಎಂದಿದ್ದೆ. ಇದ್ದದ್ದನ್ನು ಮುಚ್ಚಿಟ್ಟರೆ, ಮುಂದೆ ಎಲ್ಲ ಚೆನ್ನಾಗಿದೆ ಎಂದು ಬರೆದ ಕಾಗದವನ್ನೂ ನೀನು ನಂಬುವುದಿಲ್ಲ, ನಂಬದೆ ಓದಿಗೆ ಕೂರುವುದೂ ಸಾಧ್ಯವಿಲ್ಲ. ಅದಕ್ಕೆ ಬರೆದಿದ್ದೇನೆ. ಬೈಯಬೇಕೆನ್ನಿಸಿದರೆ ಚೆನ್ನಾಗಿ ಬೈದು ಬರೆ, ನಿನ್ನ ಅತ್ತೆ ಓದಿ ಹೇಳುತ್ತಾಳೆ, ಅವಳಿಗೆ ಖುಷಿಯಾಗುತ್ತದೆ. ಬರಲೇಬೇಕೆನ್ನಿಸಿದರೆ ಬಾ, ಬಾಗಿಲು ತೆರೆದೇ ಇದೆ. ಆದರೆ ಬರದಿದ್ದರೂ ನಡೆಯುತ್ತದೆ ಎಂದು ಧೈರ್ಯವಾಗಿ ಹೇಳುವಷ್ಟು ಈ ಮನೆ ಕಲಿತಿದೆ. ಈ ಔಷಧಿ ವರ್ಷಗಟ್ಟಲೆ ನಡೆಯಬೇಕಾದದ್ದು. ನೀನು ಟೀಚರಾಗಿ ಬಂದಮೇಲೂ ನಡೆಯುತ್ತದೆ.

ನಿನ್ನ ಅತ್ತೆಯ, ಬಸವರಾಜುವಿನ ಪ್ರೀತಿ ಈ ಕಾಗದದ ಜೊತೆಗಿದೆ. ಅವನು ಬರೆಯುವುದಿಲ್ಲ, ನಿನಗೆ ಗೊತ್ತು. ನಿನ್ನ ಕಾಗದವನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡು ತೋಟ ಸುತ್ತುತ್ತಾನೆ. ಹಾಸ್ಟೆಲಿನ ಗೆಳತಿಯರಿಗೆ ನನ್ನ ಆಶೀರ್ವಾದ ತಿಳಿಸು, ಅವರಿಗೂ ಒಂದು ಡಬ್ಬಿ ಚಟ್ನಿಪುಡಿ ಬರುತ್ತದೆ. ಶಿವ ನಿನಗೆ ಆರೋಗ್ಯ, ನೆಮ್ಮದಿ, ಕೈತುಂಬ ಮಾರ್ಕು ಕೊಡಲಿ. ಅವನಾದರೂ ಧಾರಾಳವಾಗಿ ಕೊಸರು ಹಾಕಲಿ.

ಇಂತು ನಿನ್ನ ಮಾವ,
ಮರುಳಸಿದ್ದಯ್ಯ

ಆಮೇಲೆ ಸೇರಿಸಿದ್ದು: ಸೋಮವಾರ ಬೆಳಿಗ್ಗೆ. ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತಿದ್ದೇನೆ. ಇವತ್ತು ಎಂಟು ಗಂಟೆ ಹತ್ತು ನಿಮಿಷಕ್ಕೆ ಮಗು ಎರಡು ಸಲ ಬಿಕ್ಕಳಿಸಿದಳು. ಎರಡೇ ಸಲ. ಔಷಧಿ ಇನ್ನೂ ಕುಡಿದಿರಲಿಲ್ಲ, ತಿಂಡಿಯೂ ಆಗಿರಲಿಲ್ಲ. ನಿನ್ನೆ ಸಂಜೆಯದು ಗೆರೆಗೆ ಸರಿಯಾಗಿತ್ತು, ಅವಳೇ ನೋಡಿದ್ದಾಳೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ, ಡಾಕ್ಟರಮ್ಮನಿಗೆ ಖಂಡಿತ ತೋರಿಸುತ್ತೇನೆ. ಬಿಕ್ಕಳಿಸಿದವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನನ್ನ ಮುಖ ನೋಡಿದಳು. ಸೋಮವಾರ ಎಂಟು ಹತ್ತಕ್ಕೆ ನೀನು ಏನು ಮಾಡುತ್ತಿದ್ದೆ, ಇದ್ದ ಹಾಗೆ ಬರೆ. ಮರು ಅಂಚೆಗೇ ಬರೆ, ಮಗು ದಿನಾ ಬಾಗಿಲಲ್ಲಿ ಕಾಯುತ್ತಿರುತ್ತಾಳೆ.